ಕೂದಲು ಮಂಡಿಯ ಲಾವಣ್ಣ

ಚನ್ನರಾಯಪಟ್ಟಣ
9 ನವೆಂಬರ್ 2025, ಭಾನುವಾರ

ಪ್ರೀತಿಯ ತಮ್ಮ ರವೀಶನಿಗೆ,

ನಿನ್ನ ಪುಟ್ಟಕ್ಕನ ಆಶೀರ್ವಾದ. ನಾನು ಇಲ್ಲಿ ಇದ್ದ ಹಾಗೇ ಇದ್ದೀನಿ. ಸ್ಮಿತಾ ಕಳಿಸಿದ ಎಣ್ಣೆ ಹಚ್ಚಿಕೊಂಡ ಮೇಲೆ ಮೊಣಕಾಲು ಸ್ವಲ್ಪ ಮೇಲು, ಆದರೂ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ. ಸ್ಮಿತಾಳ ಬಿಪಿ ಹೇಗಿದೆ? ಮಾತ್ರೆ ಬಿಡಬೇಡ ಅಂತ ಹೇಳು. ವರ್ಷಾಗೆ ರಜೆ ಮುಗೀತಾ, ಇನ್ನೂ ಹಾಸನದಲ್ಲೇ ಇದ್ದಾಳಾ? ಆವತ್ತು ನಮ್ಮ ಮನೆಗೆ ಬಂದಾಗ ತುಂಬ ಇಳಿದುಹೋದ ಹಾಗೆ ಕಂಡಳು.

ಅಪ್ಪನ ಬಗ್ಗೆ, ಲಾವಣ್ಣನ ಬಗ್ಗೆ ಎರಡು ಪುಟ ಬರೆದುಕೊಡು ಅಂತ ನೀನು ಕೇಳಿ ಇವತ್ತಿಗೆ ಇಪ್ಪತ್ತಮೂರು ದಿನ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಾನು 'ಬರೀತಿದ್ದೀನಿ ಕಣೋ' ಅಂದೆ. ಒಂದು ಅಕ್ಷರವೂ ಬರೆದಿರಲಿಲ್ಲ. ತಪ್ಪಾಯ್ತು, ಬೇಜಾರು ಮಾಡ್ಕೋಬೇಡ. ಹೊಸ ಕೂದಲಿನ ಯೂನಿಟ್ಟಿನ ಪ್ರಾರಂಭಕ್ಕೆ ಅಚ್ಚು ಹಾಕಿಸೋ ಪುಸ್ತಕ ನನ್ನಿಂದ ತಡ ಆಗ್ತಿದೆ ಅಂತ ನನಗೆ ಗೊತ್ತು. ನೀನು ಕಳಿಸಿದ ಬ್ಯಾನರಿನ ಫೋಟೋನೂ ನೋಡಿದೆ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಲಾವಣ್ಣ, ನಡುವೆ 'ಎಪ್ಪತ್ತಾರು ವರ್ಷಗಳ ಸ್ನೇಹ' ಅಂತ ಬರೆದಿದೆ. ಅದನ್ನ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನನ್ನ ಸ್ಪೀಕರಿಗೆ ಹಾಕ್ತೀಯ, ಯಾವಾಗಲೂ ಪಕ್ಕದಲ್ಲಿ ಯಾರಾದರೂ ಇರ್ತಾರೆ. ಅದಕ್ಕೇ ಕಾಗದ. ಇದು ಎರಡು ಪುಟದಲ್ಲಿ ಮುಗಿಯೋದೂ ಅಲ್ಲ, ಪುಸ್ತಕಕ್ಕೆ ಹಾಕೋದೂ ಅಲ್ಲ. ಓದುವಾಗ ರೂಮಿನ ಬಾಗಿಲು ಹಾಕ್ಕೋ.

ಲಾವಣ್ಣ ನಿನಗೆ ನೆನಪಿರೋಕೆ ಸಾಧ್ಯ ಇಲ್ಲ. ಅವನನ್ನ ಕರೆದುಕೊಂಡು ಹೋದಾಗ ನಿನಗೆ ಒಂದೂವರೆ ವರ್ಷ. ಅವನ ಹೆಸರು ಲಾವ್ ವಿಂಗ್. ಹೊಳೆನರಸೀಪುರದವರ ಬಾಯಿಗೆ ಸಿಕ್ಕು ಲಾವಣ್ಣ ಆದ. 1949ರ ಬೇಸಿಗೆಯಲ್ಲಿ ಹಾಸನದ ಸ್ಟೇಷನ್ನಿನಲ್ಲಿ ಇಳಿದು, ಅಪ್ಪನ ಎತ್ತಿನ ಗಾಡಿಯನ್ನ ಬಾಡಿಗೆಗೆ ಕೇಳಿದ್ದನಂತೆ. ಅಪ್ಪನಿಗೆ ಆಗ ಹೊಳೆ ಪಕ್ಕದ ಗದ್ದೆ, ಒಂದು ಜೊತೆ ಎತ್ತು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಎಲ್ಲಿಗೆ ಹೋಗಬೇಕು ಅಂತ ಅಪ್ಪ ಕೇಳಿದರೆ, ಅವನು ತನ್ನ ತಲೆಗೂದಲನ್ನ ಹಿಡಿದು ತೋರಿಸಿ, ಕತ್ತರಿಯ ಹಾಗೆ ಬೆರಳು ಆಡಿಸಿದನಂತೆ. ಅಪ್ಪ ಅವನನ್ನ ನೇರವಾಗಿ ಕ್ಷೌರದ ಅಂಗಡಿ ಮುಂದೆ ಇಳಿಸಿದ. ಇದನ್ನ ಹೇಳಿ ಅವ್ವ ಎಷ್ಟು ಸಲ ನಕ್ಕಿದ್ದಾಳೋ. ಅವನಿಗೆ ಬೇಕಾಗಿದ್ದೂ ಅದೇ ಅಂಗಡಿ. ಕ್ಷೌರ ಮಾಡಿಸಿಕೊಳ್ಳೋಕಲ್ಲ, ಅಲ್ಲಿ ಬಿದ್ದಿದ್ದ ಕೂದಲನ್ನ ಕೊಳ್ಳೋಕೆ.

ಆ ಮನೆತನದ ಕಥೆಯನ್ನ ಲಾವಣ್ಣನೇ, ಅವನೂ ಅಪ್ಪನೂ ಸೇರಿ ನಮ್ಮೂರಲ್ಲಿ ಇಟ್ಟಿದ್ದ ಕೂದಲು ಮಂಡಿಯಲ್ಲಿ ಕೂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಚೀನಾದ ಕ್ಯಾಂಟನ್ ಪಟ್ಟಣದಲ್ಲಿ ಅವರ ಅಪ್ಪನದು ದೊಡ್ಡ ಕೂದಲಿನ ವ್ಯಾಪಾರ. ಜಪಾನಿನವರ ಯುದ್ಧದಲ್ಲಿ ಅಂಗಡಿ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಆ ಮುದುಕ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಇನ್ನು ಮೇಲೆ ನಾವೆಲ್ಲ ಒಂದೇ ಊರಲ್ಲಿ ಇರೋದು ಬೇಡ ಅಂದನಂತೆ. ದೊಡ್ಡ ಮಗ ಹಾಂಗ್‌ಕಾಂಗಿಗೆ ಹೋದ, ಅಳಿಯ ಮಲಯದ ಪೆನಾಂಗಿಗೆ ಹೋದ, ಚಿಕ್ಕವನಾದ ಲಾವಣ್ಣ ಕಲ್ಕತ್ತಕ್ಕೆ ಬಂದು ಅಲ್ಲಿಂದ ನಮ್ಮ ಸೀಮೆಗೆ ಬಂದ. ಇಲ್ಲಿ ಹೆಂಗಸರು ಮುಡಿ ಕೊಡ್ತಾರೆ, ಉದ್ದನೆ ಕೂದಲು ಸಿಗುತ್ತೆ ಅಂತ ಯಾರೋ ಹೇಳಿದ್ದರು. ಆಗ ಅದು ನಾಟಕದವರ ಟೋಪನ್ನಿಗೆ, ಅಂದರೆ ವಿಗ್ಗಿಗೆ, ಹೆಂಗಸರು ತಲೆಗೆ ಹಾಕೋ ಬಲೆಗೆ, ಕೋಟಿನ ಒಳಗಿನ ಗಟ್ಟಿ ಬಟ್ಟೆಗೆ ಹೋಗ್ತಿತ್ತು.

ಈ ಯೂನಿಟ್ಟಿಗೆ ಅಂತ ಲಾವ್ ಮನೆತನದ ಹುಡುಗಿ ಮೇಯ್ ಜೊತೆ ನೀನು ಮಾಡಿಕೊಂಡಿರೋ ಅಗ್ರಿಮೆಂಟು ಅರವತ್ತು ಪುಟ ಇದೆ ಅಂದೆಯಲ್ಲ, ಆ ಅಣ್ಣ ತಮ್ಮ ಭಾವನ ನಡುವೆ ಒಂದು ಚೂರು ಕಾಗದ ಇರಲಿಲ್ಲ ಕಣೋ. ಹದಿನೈದು ದಿನಕ್ಕೊಂದು ಪತ್ರ ಬರೀಬೇಕು, ಅಷ್ಟೇ. ಅಣ್ಣನಿಗೆ ಬರೆದದ್ದೇ ಭಾವನಿಗೂ ಹೋಗಬೇಕು, ಒಬ್ಬರಿಗೆ ಗೊತ್ತಿರೋದು ಇನ್ನೊಬ್ಬರಿಗೆ ಗೊತ್ತಿಲ್ಲ ಅನ್ನೋ ಹಾಗಿಲ್ಲ. ಇಲ್ಲಿಂದ ಒಂದು ಹಿಡಿ ಕೂದಲಿಗೆ ದಾರ ಕಟ್ಟಿ ಮಾದರಿಗೆ ಅಂತ ಮೊದಲು ಕಳಿಸೋದು, ಅಣ್ಣ ಒಪ್ಪಿದರೆ ಮೂಟೆಗಳು ಮದ್ರಾಸಿನ ಬಂದರಿಗೆ. ಹಡಗಿನಲ್ಲಿ ಜಾಗ ಸಿಗೋದು ಕಷ್ಟ ಅಂತ, ಹಡಗಿನ ಏಜೆಂಟೊಬ್ಬನ ತಂಗಿಯನ್ನೇ ಪೆನಾಂಗಿನ ಭಾವ ನೋಡಿ ಲಾವಣ್ಣನಿಗೆ ಮದುವೆ ಮಾಡಿಸಿದ. ಹಾಂಗ್‌ಕಾಂಗಿನ ಅಣ್ಣ ತನ್ನ ಮಗನನ್ನ ಪೆನಾಂಗಿನ ಅಂಗಡಿಯಲ್ಲಿ ಕೆಲಸ ಕಲಿಯೋಕೆ ಬಿಟ್ಟ. ಹೀಗೆ ಸಂಬಂಧ ಬೆಳೆಸಿಕೊಂಡೇ ವ್ಯಾಪಾರ ಬೆಳೆಸಿದರು. ನಂಟು ಇಲ್ಲದ ಕಡೆ ನಂಟು ಮಾಡಿಕೊಳ್ಳೋರು. ನಮ್ಮ ಊರಲ್ಲಿ ಲಾವಣ್ಣನಿಗೆ ಕೊಡೋಕೆ ತಗೊಳ್ಳೋಕೆ ಹೆಣ್ಣು ಗಂಡು ಇರಲಿಲ್ಲ. ಅದಕ್ಕೆ ಒಂದು ದಿನ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಬಂದು, ನಮ್ಮ ಅಜ್ಜಿಯ ಮುಂದೆ ಮಂಡಿಯೂರಿ ಎರಡು ಕೈಯಲ್ಲಿ ಟೀ ಬಟ್ಟಲು ಹಿಡಿದು, "ಇವತ್ತಿಂದ ನೀನು ನನ್ ಅವ್ವ, ರಂಗಣ್ಣ ನನ್ ಅಣ್ಣ" ಅಂದ. ಅಜ್ಜಿ ಟೀ ಕುಡಿದವಳೇ ಅಲ್ಲ. ಆವತ್ತು ಕುಡಿದಳು.

ಆಮೇಲೆ ಅವನು ನಮ್ಮ ಮನೆಯವನೇ. ಅವ್ವನ ಕೈಯ ಮುದ್ದೆ, ಹುರುಳಿಕಾಳಿನ ಸಾರು ಅಂದರೆ ಪ್ರಾಣ. ಎರಡು ವರ್ಷಕ್ಕೊಮ್ಮೆ ಹಡಗು ಹತ್ತಿ ಪೆನಾಂಗಿಗೆ ಹೋಗಿ ಹೆಂಡತಿಯನ್ನ ನೋಡಿಕೊಂಡು ಬರೋನು. ಅಲ್ಲಿ ಮಗಳು ಹುಟ್ಟಿದಾಗ ಇಲ್ಲಿ ಬೀದಿಗೆಲ್ಲ ಬೆಲ್ಲ ಹಂಚಿದ. ನನ್ನ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು ನನ್ನ ಹತ್ತಿರಾನೇ ಕನ್ನಡ ಓದೋಕೆ ಬರೆಯೋಕೆ ಕಲಿತ. ನನ್ನನ್ನ 'ಪುಟ್ಟ ಮೇಷ್ಟ್ರು' ಅನ್ನೋನು. ನಾನು ಮುಂದೆ ಮೇಷ್ಟ್ರೇ ಆದೆ. ನನ್ನ ಮೊದಲ ವಿದ್ಯಾರ್ಥಿ ಲಾವಣ್ಣ.

ಅಪ್ಪನ ಕಷ್ಟವನ್ನೂ ಹೇಳಬೇಕು. ಒಕ್ಕಲುತನದ ಮನೆಯವನು ಹೆಣ್ಣುಮಕ್ಕಳ ತಲೆಗೂದಲು ಮುಟ್ಟೋ ವ್ಯಾಪಾರಕ್ಕೆ ಇಳಿದ ಅಂತ ನೆಂಟರು ನಮ್ಮ ಮನೆಯಲ್ಲಿ ನೀರು ಕುಡೀತಿರಲಿಲ್ಲ. 'ಕೂದ್ಲು ರಂಗ' ಅಂತ ಎದುರಿಗೇ ಕರೆಯೋರು. ಅಪ್ಪ ಹಲ್ಲು ಕಚ್ಚಿಕೊಂಡು ಅರಕಲಗೂಡು, ರಾಮನಾಥಪುರ, ಚನ್ನರಾಯಪಟ್ಟಣ ಅಂತ ಸುತ್ತಿದ. ನೀನು ಸ್ಟೇಜ್ ಮೇಲೆ ಹೇಳಬೇಕು ಅಂತಿರೋ ಶ್ರಮ ಇದೆಯಲ್ಲ, ಅದರಲ್ಲಿ ಸುಳ್ಳಿಲ್ಲ.

1962ರಲ್ಲಿ ಚೀನಾದ ಜೊತೆ ಯುದ್ಧ ಆಯಿತು. ಮೊದಲ ವಾರವೇ ಮಂಡಿಯ ಹೆಂಚಿಗೆ ಕಲ್ಲು ಬಿತ್ತು. ಸ್ಕೂಲಿನಲ್ಲಿ ನನ್ನ ಪಕ್ಕ ಕೂರೋ ಹುಡುಗಿಯರು ಜಾಗ ಬದಲಾಯಿಸಿದರು, ನನಗೆ 'ಚೀನಾದೋಳು' ಅಂತ ಹೆಸರಿಟ್ಟರು. ಲಾವಣ್ಣನನ್ನ ಪೊಲೀಸರು ಕರೆಸಿ ಹೆಸರು ಬರೆಸಿಕೊಂಡು, ಒಂದು ದಿನಕ್ಕಿಂತ ಹೆಚ್ಚು ಊರು ಬಿಟ್ಟು ಹೋಗೋ ಹಾಗಿದ್ದರೆ ಪರವಾನಗಿ ಚೀಟಿ ತಗೋಬೇಕು ಅಂದಿದ್ದರು. ಅವನು ಮಂಡಿ ಬಿಟ್ಟು ಆಚೆ ಬರೋದನ್ನೇ ನಿಲ್ಲಿಸಿದ. ಕೂತಲ್ಲೇ ಕೂತು ಕೂದಲು ಬಾಚೋನು.

ಡಿಸೆಂಬರ್ ತಿಂಗಳು. ರಾಮನಾಥಪುರದಲ್ಲಿ ಕೂದಲು ಕೂಡಿತ್ತು, ಅದನ್ನ ನೋಡಿ ಆರಿಸೋಕೆ ಲಾವಣ್ಣನೇ ಆಗಬೇಕು. ಅಪ್ಪನಿಗೆ ಉದ್ದ ಗಿಡ್ಡ ಗೊತ್ತೇ ಹೊರತು ಒಳ್ಳೇದು ಕೆಟ್ಟದ್ದು ಅಷ್ಟು ಗೊತ್ತಾಗ್ತಿರಲಿಲ್ಲ. ನಾನು ಅಲ್ಲೇ ಕೂತು ಲೆಕ್ಕ ಮಾಡ್ತಿದ್ದೆ. ಅಪ್ಪ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ಎರಡು ದಿನ ಓಗ್ಬುಟ್ಟು ಬಾ ಲಾವಣ್ಣ. ಚೀಟಿ ನಾನೇ ತಗಂಡಿವ್ನಿ."

"ಎಲ್ಲಿ, ಕೊಡು. ಜೇಬಲ್ಲಿ ಇಟ್ಕತೀನಿ."

"ನನ್ತಾವ ಇರ್ಲಿ ಬುಡು. ನೀನು ಕಳ್ಕಂಡ್ಬುಟ್ಟೀಯ. ಯಾರಾದ್ರೂ ಕೇಳುದ್ರೆ ನಾನು ತೋರುಸ್ತೀನಿ."

ಲಾವಣ್ಣ ಹೊರಟ. ಅಣ್ಣ ಅಂದ ಮೇಲೆ ಅಣ್ಣ.

ಮಾರನೇ ದಿನ ಸಂಜೆ ಪೊಲೀಸಿನವರು ಇಬ್ಬರು ಮಂಡಿಗೆ ಬಂದರು. "ಎಲ್ರೀ ನಿಮ್ಮ ಚೀನಾದೋನು?" ಅಂತ ಕೇಳಿದರು. ನಾನು ಚೀಲದ ಮರೆಯಲ್ಲಿದ್ದೆ. ಅಪ್ಪ ಈಗ ಚೀಟಿ ತೆಗೀತಾನೆ ಅಂತ ಅವನ ಅಂಗಿಯ ಜೇಬನ್ನೇ ನೋಡ್ತಿದ್ದೆ. ಅಪ್ಪ ಎದ್ದು ಕೈ ಮುಗಿದು, "ನಂಗೊತ್ತಿಲ್ಲ ಸಾ. ಅವ್ನು ನಂಗೇಳಿ ಓಗ್ಲಿಲ್ಲ" ಅಂದ.

ಅದರ ಮರುದಿನ ಮಧ್ಯಾಹ್ನ ಅರಕಲಗೂಡಿನ ಬಸ್ಸಿನಿಂದ ಲಾವಣ್ಣ ಎರಡು ಮೂಟೆ ಇಳಿಸಿಕೊಂಡಾಗ ಪೊಲೀಸಿನವರು ಬಸ್ ಸ್ಟ್ಯಾಂಡಿನಲ್ಲೇ ಕಾದಿದ್ದರು. ಅಪ್ಪನನ್ನೂ ಕರೆಸಿದ್ದರು. ಸ್ಕೂಲು ಬಿಟ್ಟು ಬರ್ತಿದ್ದ ನಾನು ಜನರ ನಡುವೆ ನುಗ್ಗಿ ನಿಂತೆ. ಲಾವಣ್ಣ ಗಾಬರಿ ಆಗಿರಲಿಲ್ಲ. ಅಪ್ಪನನ್ನ ನೋಡಿ ಅವನ ಮುಖ ಅರಳಿತು. "ರಂಗಣ್ಣ, ಬಂದ್ಯಾ. ಇವ್ರಿಗೆ ಚೀಟಿ ತೋರ್ಸು" ಅಂದ. ಅಪ್ಪ ಮೂಟೆಗಳನ್ನ ನೋಡಿದ. ಲಾವಣ್ಣ ಮತ್ತೆ, "ಚೀಟಿ, ರಂಗಣ್ಣ" ಅಂದ. ಅಪ್ಪ ಬಗ್ಗಿ ಒಂದು ಮೂಟೆಯ ಬಾಯಿ ಬಿಗಿಯೋಕೆ ಶುರು ಮಾಡಿದ. ಬಿಗಿದೇ ಇತ್ತು ಅದು. ಅವರು ಲಾವಣ್ಣನ ತೋಳು ಹಿಡಿದುಕೊಂಡು ಹೋಗೋವರೆಗೂ ಅಪ್ಪ ತಲೆ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಕೇಳಿದಳು. "ಚೀಟಿ ತಗಂಡಿವ್ನಿ ಅಂದ್ರಲ್ಲ, ಎಲ್ಲದು?"

"ಸುಮ್ಕಿರು ಲಕ್ಕಮ್ಮಿ."

"ತಗಂಡೇ ಇರ್ಲಿಲ್ಲ ಅಲ್ವಾ? ನಂಬ್ಕಂಡು ಓದೋನ್ನ ಇಡುಸ್ಬುಟ್ರಲ್ಲ."

"ನಾನು ಕೇಳಕ್ ಓದ್ರೆ ನನ್ನೂ ಒಳಿಕ್ ಆಕ್ತಿದ್ರು ಕಣಮ್ಮಿ! ಮಕ್ಳ್ನ ಯಾರು ಸಾಕೋರು?" ಅಂತ ಅಪ್ಪ ಕೂಗಿದ. ಕೂಗಿದ ಮೇಲೆ ಅತ್ತ. ಅಪ್ಪ ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ.

ಬರೀ ಹೆದರಿಕೆಯಿಂದ ಪೊಲೀಸರ ಹತ್ತಿರ ಹೋಗದೆ ಸುಮ್ಮನಿದ್ದನಾ, ಅಥವಾ ಲಾವಣ್ಣ ಹೋದರೆ ಹಾಂಗ್‌ಕಾಂಗಿನ ದಾರಿ ತನ್ನದೇ ಆಗುತ್ತೆ ಅಂತ ಮೊದಲೇ ಯೋಚನೆ ಮಾಡಿದ್ದನಾ? ಅರವತ್ತಮೂರು ವರ್ಷದಿಂದ ನಾನು ಇದನ್ನ ತಿರುಗಿಸಿ ತಿರುಗಿಸಿ ನೋಡಿದ್ದೀನಿ ರವಿ. ನನಗೆ ಗೊತ್ತಿಲ್ಲ. ಅವ್ವನಿಗೆ ಅನುಮಾನ ಇರಲಿಲ್ಲ. ಅವಳು ಸಾಯೋವರೆಗೂ ಮಂಡಿಯ ಹೊಸ್ತಿಲು ದಾಟಲಿಲ್ಲ. ಅವ್ವನಿಗೆ ಕೂದಲಿನ ವಾಸನೆ ಆಗಲ್ಲ ಅಂತ ನಿನಗೆ ನಾವು ಹೇಳ್ತಿದ್ದೆವು.

ಜನವರಿಯಲ್ಲಿ ಒಂದು ಕಾರ್ಡು ಬಂತು. ಚೀನಾದವರನ್ನೆಲ್ಲ ಕೂಡಿಹಾಕಿದ್ದ ರಾಜಸ್ಥಾನದ ಕ್ಯಾಂಪಿನಿಂದ, ನೇರಳೆ ಶಾಯಿಯ ಮುದ್ರೆ ಒತ್ತಿದ್ದು. ನಾನು ಕಲಿಸಿದ ಕನ್ನಡ, ನನ್ನದೇ ಅಕ್ಷರದ ಹಾಗೆ ದುಂಡಗೆ. ಅಪ್ಪನಿಗೆ ನಾನೇ ಓದಿ ಹೇಳಿದೆ. ಇಲ್ಲಿ ಚಳಿ ಬಹಳ, ನಾನು ಬದುಕಿದ್ದೀನಿ, ಊರಿನ ಇಬ್ಬರು ದೊಡ್ಡವರು 'ಇವನು ಒಳ್ಳೆಯವನು, ಇವನಿಗೆ ನಾವು ಜವಾಬ್ದಾರಿ' ಅಂತ ಸಹಿ ಹಾಕಿ ಕಳಿಸಿದರೆ ಬಿಡಬಹುದು ಅಂತಾರೆ, ಬೇಗ ಕಳಿಸು. ಇಷ್ಟೇ ಇತ್ತು. ಅಪ್ಪ ಕಾರ್ಡನ್ನ ಇಸಿದುಕೊಂಡು ಟೋಪಿಯ ಒಳಗೆ ಇಟ್ಟುಕೊಂಡ. ಸಹಿ ಹಾಕಿಸೋಕೆ ಯಾರ ಹತ್ತಿರವೂ ಹೋಗಲಿಲ್ಲ. ಅಪ್ಪ ಹೋಗಿದ್ದು ಮಂಚಯ್ಯ ಮೇಷ್ಟ್ರ ಹತ್ತಿರ. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಅಪ್ಪನ ಇಂಗ್ಲಿಷ್ ಪತ್ರಗಳನ್ನ ಬರೆದುಕೊಡ್ತಿದ್ದವರು. ಅವರ ಕೈಲಿ ಹಾಂಗ್‌ಕಾಂಗಿಗೆ ಬರೆಸಿದ: ನಿಮ್ಮ ತಮ್ಮನನ್ನ ಹಿಡಿದಿದ್ದಾರೆ, ನಾನು ಬೆಂಗಳೂರಿಗೆ ಎರಡು ಸಲ ಹೋಗಿ ಸಾಹೇಬರ ಕಾಲು ಹಿಡಿದು ಬಂದಿದ್ದೀನಿ, ಅವನನ್ನ ಬಿಡಿಸೋದು ನನಗಿರಲಿ, ಅಲ್ಲಿಯವರೆಗೆ ಇಲ್ಲಿನ ಕೆಲಸ ನಿಲ್ಲದ ಹಾಗೆ ನಾನು ನೋಡಿಕೊಳ್ತೀನಿ.

ಅಪ್ಪ ಆ ವರ್ಷ ಬೆಂಗಳೂರಿನ ಕಡೆ ತಲೆ ಹಾಕಿ ಮಲಗಲೂ ಇಲ್ಲ. ಮಂಚಯ್ಯ ಮೇಷ್ಟ್ರಿಗೂ ಅದು ಗೊತ್ತಿತ್ತು. ಎಷ್ಟೋ ವರ್ಷ ಆದಮೇಲೆ ಶಾಂತಿಗ್ರಾಮದಲ್ಲಿ ಮಗಳ ಮನೆಯಲ್ಲಿ ಮಲಗಿದ್ದಾಗ ನೋಡೋಕೆ ಹೋಗಿದ್ದೆ. ನಾನು ಕೇಳದೆಯೇ, "ಅವನು ಹೇಳಿದ್ದನ್ನ ನಾನು ಇಂಗ್ಲಿಷ್ ಮಾಡ್ಕೊಟ್ಟೆ ಕಣಮ್ಮಾ, ಅಷ್ಟೇ" ಅಂದರು. ಗೋಡೆ ಕಡೆ ತಿರುಗಿ ಇನ್ನೊಮ್ಮೆ "ಅಷ್ಟೇ" ಅಂದರು.

ಆ ವರ್ಷ ಮದ್ರಾಸಿಗೆ ಚೀನಾದ ಹಡಗುಗಳು ಬಂದು ಕ್ಯಾಂಪಿನಲ್ಲಿದ್ದ ಎಷ್ಟೋ ಜನರನ್ನ ತುಂಬಿಕೊಂಡು ಹೋದವು. ಅದರಲ್ಲಿ ಲಾವಣ್ಣನೂ ಹೋದ ಅಂತ ಹಾಂಗ್‌ಕಾಂಗಿನಿಂದಲೇ ನಮಗೆ ತಿಳೀತು. ಅಲ್ಲಿಂದ ಮುಂದೆ ಸುದ್ದಿ ಇಲ್ಲ.

ಮುಂದಿನದು ನಿನಗೆ ಗೊತ್ತಿರೋ ಕಥೆ. 1966ರಲ್ಲಿ ಅಮೆರಿಕದವರು ಚೀನಾದ ಕೂದಲಿನ ಟೋಪನ್ ತಗೊಳ್ಳಲ್ಲ ಅಂದರು. ಹಾಂಗ್‌ಕಾಂಗಿನ ಕಾರ್ಖಾನೆಗಳಿಗೆ ಚೀನಾದ್ದಲ್ಲದ ಕೂದಲು ಬೇಕಾಯಿತು, ಎಲ್ಲಿಯದು ಅಂತ ಸರ್ಟಿಫಿಕೇಟ್ ಸಮೇತ. ಲಾವಣ್ಣನ ಅಣ್ಣ, ನಾವು ದೊಡ್ಡ ಲಾವ್ ಅನ್ನೋನು, ಅಪ್ಪನಿಗೆ ಬರೆದ. ಇಂಡಿಯಾದಲ್ಲಿ ಕೂದಲು ಮಾರೋರು ಬೇಕಾದಷ್ಟು ಜನ ಇದ್ದಾರೆ, ಆದರೆ ನನ್ನ ತಮ್ಮನಿಗಾಗಿ ಕಷ್ಟಪಟ್ಟವನು ನೀನೊಬ್ಬನೇ, ನಿನ್ನನ್ನ ಬಿಟ್ಟು ಇನ್ಯಾರ ಹತ್ತಿರವೂ ನಾನು ಕೊಳ್ಳಲ್ಲ ಅಂತ. ಆ ಪತ್ರವನ್ನೇ ನೀನು ಫ್ರೇಮ್ ಹಾಕಿಸಿ ಆಫೀಸಿನಲ್ಲಿ ಇಟ್ಟಿರೋದು. ಹಾಸನದ ಮನೆ, ನಿನ್ನ ಕಾಲೇಜು, ನನ್ನ ಟಿಸಿಎಚ್, ಎಲ್ಲ ಆ ಪತ್ರದಿಂದ ಬಂದದ್ದು. 1972ರಲ್ಲಿ ದೊಡ್ಡ ಲಾವ್ ತಾನೇ ಬಂದು ನಮ್ಮ ಮನೆಯಲ್ಲಿ ಎರಡು ದಿನ ಇದ್ದು ಹೋದ. ನಿನಗೆ ತಗಡಿನ ಡಬ್ಬ ತುಂಬ ಚಾಕಲೇಟ್ ತಂದಿದ್ದ. ಹೊರಡೋ ಮುಂಚೆ ಅಪ್ಪನ ಕಾಲಿಗೆ ಬಿದ್ದ. ಅಪ್ಪನಿಗಿಂತ ಹತ್ತು ವರ್ಷ ದೊಡ್ಡವನು. ಅಪ್ಪ ಅವನನ್ನ ಎತ್ತಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ, ಕಂಬದ ಹಾಗೆ ನಿಂತಿದ್ದ. ಅಪ್ಪನಿಗೆ ಎಷ್ಟು ವಿನಯ ಅಂತ ಎಲ್ಲರೂ ಮಾತಾಡಿಕೊಂಡರು.

ಈಗ ಮೇಯ್ ವಿಷಯ. ಅವಳು ದೊಡ್ಡ ಲಾವನ ಮೊಮ್ಮಗಳು ಅಂತ ನಾನು ತಿಳಿದುಕೊಂಡಿದ್ದೆ. ಆವತ್ತು ನೀನೂ ವರ್ಷಾನೂ ಅವಳನ್ನ ನಮ್ಮ ಮನೆಗೆ ಕರೆತಂದಾಗಲೇ ಗೊತ್ತಾಗಿದ್ದು, ಅವಳು ನಮ್ಮ ಲಾವಣ್ಣನ ಸ್ವಂತ ಮಗಳ ಮಗಳು ಅಂತ. ಹುಬ್ಬು ಅವನದೇ. ಲಾವಣ್ಣ ಏನಾದ ಅನ್ನೋದನ್ನ ಅವಳೇ ಹೇಳಿದಳು, ನೀನೂ ಕೇಳಿದೆ. ಹಡಗಿನಿಂದ ಇಳಿದ ಮೇಲೆ ಯಾವುದೋ ಹಳ್ಳಿಗೆ ಹಾಕಿದರಂತೆ. 1968ರಲ್ಲಿ ಹೊರದೇಶದವರ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದ ಗೂಢಚಾರ ಅಂತ ಕುತ್ತಿಗೆಗೆ ಹಲಗೆ ಕಟ್ಟಿ ಜನರ ಮುಂದೆ ಹೊಡೆದರಂತೆ. ಎರಡು ದಿನಕ್ಕೆ ಸತ್ತ. ಹದಿನೈದು ದಿನಕ್ಕೊಂದು ಪತ್ರ ಬರೆದು ಇಡೀ ಮನೆತನವನ್ನ ಹ್ಯಾಗೋ ಜೋಡಿಸಿದವನು, ಆ ಪತ್ರಗಳಿಗೇ ಸತ್ತ.

ನೀನು "ಪಾಪ" ಅಂದೆ. ಆಮೇಲೆ ಫೋನ್ ಬಂತು ಅಂತ ಎದ್ದು ಆಚೆ ಹೋದೆ.

ರವಿ, ಮೇಯ್‌ಗೆ ಇದೆಲ್ಲ ತಿಳೀಬೇಕು, ತಿಳಿಸದೆ ಆ ಬ್ಯಾನರ್ ಕಟ್ಟಿಸಬೇಡ. ಅವಳು ಅಗ್ರಿಮೆಂಟು ಹರಿದು ಹಾಕಬಹುದು. ಯೂನಿಟ್ಟಿಗೆ ಸೇರಿಕೊಳ್ಳೋಕೆ ಅಂತ ನಲವತ್ತು ಜನ ಹೆಣ್ಣುಮಕ್ಕಳು ಬೇರೆ ಕೆಲಸ ಬಿಟ್ಟು ಕಾದಿದ್ದಾರೆ ಅಂತಲೂ ನನಗೆ ಗೊತ್ತು. ನಿನ್ನ ಅರವತ್ತನಾಲ್ಕನೇ ವಯಸ್ಸಿನಲ್ಲಿ ನಿನ್ನ ಅಪ್ಪನನ್ನ ನಿನ್ನಿಂದ ಕಿತ್ತುಕೊಳ್ತಿದ್ದೀನಿ ಅಂತಲೂ ಗೊತ್ತು. ನೀನು ಚಿಕ್ಕವನಾಗಿದ್ದಾಗ ಅಪ್ಪ ನಿನ್ನನ್ನ ಸೈಕಲ್ ಮುಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸ್ತಿದ್ದ. ಅದು ಹಾಗೇ ಇರಲಿ, ಅದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಅಪ್ಪ ಕೆಟ್ಟವನು ಅಂತ ನಾನು ಬರೀತಿಲ್ಲ. ಅಪ್ಪ ಮಾಡಿದ್ದನ್ನ ಬರೀತಿದ್ದೀನಿ.

ಕೋಪ ಬಂದರೆ ಬೈದುಬಿಡು. ಮಾತು ಬಿಡಬೇಡ. ಸ್ಮಿತಾಗೆ, ವರ್ಷಾಗೆ ನನ್ನ ಪ್ರೀತಿ. ನಿಮ್ಮೆಲ್ಲರಿಗೂ ಆರೋಗ್ಯ ಇರಲಿ, ನಿನ್ನ ಕೈಯಲ್ಲಿ ಅನ್ನ ತಿನ್ನೋ ಆ ನಲವತ್ತು ಮನೆಗಳೂ ತಣ್ಣಗಿರಲಿ.

ಇಂತಿ ನಿನ್ನ ಅಕ್ಕ,
ಪುಟ್ಟಲಕ್ಷ್ಮಮ್ಮ

ತಾ.ಕ.: ಕಾಗದವನ್ನ ಮಡಚಿ ಕವರಿಗೆ ಹಾಕಿ ಮತ್ತೆ ತೆಗೆದೆ. ಎಲ್ಲವನ್ನೂ ಅಪ್ಪನ ತಲೆ ಮೇಲೆ ಹಾಕಿ ಕಳಿಸಿದರೆ ಅದೂ ಒಂದು ಸುಳ್ಳಾಗುತ್ತೆ.

ಕ್ಯಾಂಪಿನಿಂದ ಎರಡನೇ ಕಾರ್ಡೂ ಬಂದಿತ್ತು. 1963ರ ಜೂನ್, ಸ್ಕೂಲು ಆಗತಾನೇ ಶುರುವಾಗಿತ್ತು. ಅದು ಅಪ್ಪನ ಹೆಸರಿಗಲ್ಲ, ನನ್ನ ಹೆಸರಿಗೆ. ಪೋಸ್ಟಿನವನು ಬಾಗಿಲಲ್ಲಿ ನನ್ನ ಕೈಗೇ ಕೊಟ್ಟ. ಅಪ್ಪ, ಅವ್ವ ಯಾರೂ ನೋಡಲಿಲ್ಲ. ಅದರಲ್ಲಿ ಇದ್ದದ್ದು ನನಗೆ ಬಾಯಿಪಾಠ:

'ಪುಟ್ಟ ಮೇಷ್ಟ್ರಿಗೆ ಲಾವಣ್ಣನ ನಮಸ್ಕಾರ. ಅಪ್ಪನಿಗೆ ನನ್ನ ಕಾರ್ಡು ಸಿಕ್ಕಿಲ್ಲ ಅಂತ ಕಾಣುತ್ತೆ. ನೀನು ಮಂಚಯ್ಯ ಮೇಷ್ಟ್ರಿಗೆ ಹೇಳಿ ಜವಾಬ್ದಾರಿ ಕಾಗದ ಬರೆಸಿ ಕಳಿಸು. ಇಲ್ಲಿ ಹಡಗಿಗೆ ಸಹಿ ಹಾಕು ಅಂತಾರೆ. ನನಗೆ ಚೀನಾಕ್ಕೆ ಹೋಗಲು ಇಷ್ಟ ಇಲ್ಲ. ಅಲ್ಲಿ ನನ್ನವರು ಯಾರೂ ಇಲ್ಲ. ನನ್ನ ಮಗಳಿಗೆ ಆರು ವರ್ಷ ಆಯಿತು. ನಾನು ಪೆನಾಂಗಿಗೆ ಅವಳ ಹತ್ತಿರ ಹೋಗಬೇಕು. ಕಾಗದ ಬರುವವರೆಗೆ ಸಹಿ ಹಾಕದೆ ಕಾಯುತ್ತೀನಿ.'

ಮಂಚಯ್ಯ ಮೇಷ್ಟ್ರು ನನಗೆ ದಿನಾ ಪಾಠ ಮಾಡ್ತಿದ್ದರು. ಕೇಳಿದ್ದರೆ ಬರೆದುಕೊಡ್ತಿದ್ದರೋ ಏನೋ. ನಾನು ಕೇಳಲಿಲ್ಲ. ಯಾರೂ ನನ್ನನ್ನ ತಡೆದಿರಲಿಲ್ಲ ರವಿ. ಹೊಸ ಕ್ಲಾಸು, ಹುಡುಗಿಯರು ಆಗತಾನೇ ಮತ್ತೆ ನನ್ನ ಪಕ್ಕ ಕೂರೋಕೆ ಶುರು ಮಾಡಿದ್ದರು. ಲಾವಣ್ಣ ವಾಪಸ್ ಬಂದರೆ ನಾನು ಮತ್ತೆ ಚೀನಾದೋಳು ಆಗ್ತೀನಿ ಅಂತ ಅನ್ನಿಸಿತು. ಅಷ್ಟಕ್ಕೇ. ಕಾರ್ಡನ್ನ ನೀರೊಲೆಗೆ ಹಾಕಿದೆ.

ದೊಡ್ಡ ಲಾವ್ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ನನ್ನನ್ನ ಒಬ್ಬಳನ್ನೇ ಕರೆದು, ತಮ್ಮ ನಿನಗೆ ಯಾವಾಗಲಾದರೂ ಬರೆದಿದ್ದನಾ ಅಂತ ಕೇಳಿದ. ಇಲ್ಲ ಅಂದೆ.

ಆವತ್ತು ನೀನು ಫೋನಿಗೆ ಅಂತ ಆಚೆ ಹೋದಾಗ ಮೇಯ್ ಕೇಳಿದ್ದೂ ಅದನ್ನೇ. ಕ್ಯಾಂಪಿನ ದಾಖಲೆಯಲ್ಲಿ 'ಸ್ವಂತ ಇಚ್ಛೆಯಿಂದ ಚೀನಾಕ್ಕೆ' ಅಂತ ಬರೆದು ಲಾವಣ್ಣನ ಸಹಿ ಇದೆಯಂತೆ. ಹೆಂಡತಿ, ಮಗಳು ಬೇಡವಾಗಿ ಚೀನಾಕ್ಕೆ ಹೋದ ಅಂತಲೇ ಅವಳ ಅಮ್ಮ ಬದುಕಿಡೀ ನಂಬಿದ್ದಾಳೆ. ಆಯಮ್ಮನಿಗೆ ಈಗ ಅರವತ್ತೆಂಟು, ವಾರಕ್ಕೆ ಮೂರು ಸಲ ಡಯಾಲಿಸಿಸ್. "ಅಮ್ಮನಿಗೆ ಹೇಳೋಕೆ ಒಂದು ಮಾತು ಬೇಕು. ತಾತ ಹೋಗೋಕೆ ಇಷ್ಟ ಇಲ್ಲ ಅಂತ ಇಲ್ಲಿ ಯಾರಿಗಾದರೂ ಬರೆದಿದ್ದರಾ?" ಅಂತ ಕೇಳಿದಳು. ನಾನು ಇಲ್ಲಮ್ಮಾ ಅಂದೆ. ವರ್ಷಾ ಪಕ್ಕದಲ್ಲಿ ಕೂತು ಅದನ್ನ ಇಂಗ್ಲಿಷಿಗೆ ಮಾಡಿ ಹೇಳಿದಳು. ನನ್ನ ಸುಳ್ಳನ್ನ ನಿನ್ನ ಮಗಳ ಬಾಯಿಂದ ಹೇಳಿಸಿದೆ.

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಬರ್ತೀನಿ. ಮೇಯ್‌ನ ಎಲ್ಲಿಗೂ ಕಳಿಸಬೇಡ. ಕಾರ್ಡು ನನ್ನ ಹತ್ತಿರ ಇಲ್ಲ, ನಾನು ಬಾಯಲ್ಲಿ ಹೇಳಿದ್ದನ್ನ ಅವಳು ನಂಬಲಿ, ಬಿಡಲಿ. ಇಂಗ್ಲಿಷಿಗೆ ಮಾಡೋಕೆ ಬೇರೆ ಯಾರನ್ನಾದರೂ ಕರೆಸು. ವರ್ಷಾ ಬೇಡ.